ಕೋಲಾ ಬೇಡವೆಂದ ಯುರೋಪು

೨೦೨೫ರ ಸೆಪ್ಟೆಂಬರಿನಲ್ಲಿ ರಾಜ್ಯೋತ್ಸವದ ಸಿದ್ಧತೆಗಾಗಿ ನಮ್ಮ ಸಂಘದ ಕಾರ್ಯಕಾರಿ ಸಮಿತಿ ಸೇರಿತ್ತು. ನಾಟಕ, ಹಾಡು, ಹಾರ-ತುರಾಯಿ, ಸಭಾಗೃಹದ ಬಾಡಿಗೆ ಎಲ್ಲ ಮುಗಿದು ಉಪಾಹಾರದ ಬಾಬಿಗೆ ಬಂದಾಗ ತರುಣ ಸದಸ್ಯರೊಬ್ಬರು ಎದ್ದು ನಿಂತರು. ಈ ಸಲ ಅಮೆರಿಕದ ಕಂಪೆನಿಗಳ ಪಾನೀಯ ನಮ್ಮ ಸಭಾಗೃಹದ ಹೊಸ್ತಿಲು ದಾಟಕೂಡದು ಎಂಬುದು ಅವರ ಸೂಚನೆ. ಹಿಂದಿನ ತಿಂಗಳಷ್ಟೇ ಅಮೆರಿಕವು ನಮ್ಮ ದೇಶದ ಹಲವು ಸರಕುಗಳ ಮೇಲೆ ನೂರಕ್ಕೆ ೫೦ರಷ್ಟು ಸುಂಕ ಹೇರಿತ್ತು, ಸಿಟ್ಟು ಸಹಜವೇ. ಅನುಮೋದಿಸಲು ನಾಲ್ಕು ಕೈ ಮೇಲೆದ್ದವು. ಐದನೆಯ ಕೈ ನಮ್ಮ ಶೆಟ್ಟರದು, ಆದರೆ ಅದು ತಲೆ ಕೆರೆದುಕೊಳ್ಳಲು.

"ರಾಯರೇ, ನಿರ್ಣಯ ಮಾಡ್ಲಿಕ್ಕೆ ಮಾಡಿ. ಆದ್ರೆ ನನ್ನ ಹೋಟ್ಲಿನ ಫ್ರಿಜ್ಜು ಕಂಪೆನಿಯದ್ದು ಮಾರಾಯ್ರೇ. ಅದರಲ್ಲಿ ಬೇರೆ ಬಾಟ್ಲಿ ಇಟ್ರೆ ನಾಳೆಯೇ ಟೆಂಪೊ ತಂದು ಎತ್ತಿಕೊಂಡು ಹೋಗ್ತಾರೆ."

ಅಷ್ಟರಲ್ಲಿ ಇನ್ನೊಬ್ಬರು ತಮ್ಮ ಫೋನನ್ನು ಎಲ್ಲರ ಮುಂದೆ ಹಿಡಿದರು. ಅವರ ಮಗಳು ಅಳಿಯ ಕೋಪನ್‌ಹೇಗನ್ನಿನಲ್ಲಿದ್ದಾರೆ. ಮಗಳು ಕಳುಹಿಸಿದ್ದ ಚಿತ್ರದಲ್ಲಿ ಅಂಗಡಿಯ ಬೆಲೆಚೀಟಿ, ಬೆಲೆಯ ಪಕ್ಕದಲ್ಲಿ ಪುಟ್ಟದೊಂದು ಕಪ್ಪು ನಕ್ಷತ್ರ. ನಕ್ಷತ್ರವಿದ್ದರೆ ಯುರೋಪಿನದು, ಇಲ್ಲದಿದ್ದರೆ ಅಲ್ಲ. "ನೋಡಿ, ಅಷ್ಟು ಸಿರಿವಂತ ದೇಶದವರೇ ಬೇಡ ಅನ್ನುತ್ತಿದ್ದಾರೆ" ಎಂದರು. ಮಾತು ಬೆಳೆಯಿತು. ಕೊನೆಗೆ ಇದರ ಹಿಂದು ಮುಂದು ನೋಡಿ ಪತ್ರಿಕೆಗೆ ಬರೆಯಬೇಕೆಂದು ನಮ್ಮ ಕೊರಳಿಗೆ ಕಟ್ಟಿ ಸಭೆ ಚಹಾಕ್ಕೆ ಎದ್ದಿತು. ಬರೆಯುವವರ ಕೊರಳು ಸಮಿತಿಗೆ ಯಾವತ್ತೂ ಸಸ್ತಾ.

ನಕ್ಷತ್ರದ ಕಥೆ ಇಷ್ಟು. ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ, ತನ್ನದೇ ಆಡಳಿತವುಳ್ಳ ದ್ವೀಪ. ೨೦೨೫ರ ಆರಂಭದಲ್ಲಿ ಅಧ್ಯಕ್ಷ ಟ್ರಂಪ್ ಅದು ತಮಗೆ ಬೇಕೆಂದು ಪಟ್ಟು ಹಿಡಿದರು. ಡೆನ್ಮಾರ್ಕ್ ಸುಮಾರು ಅರುವತ್ತು ಲಕ್ಷ ಜನರ ಸಣ್ಣ ದೇಶ. ಅಷ್ಟು ಜನ ನಮ್ಮ ಉಪನಗರದ ರೈಲಿನಲ್ಲಿ ಒಂದೇ ದಿನ ಓಡಾಡುತ್ತಾರೆ. ಸೈನ್ಯ ತೋರಿಸಿ ಹೆದರಿಸುವ ಮಾತು ದೂರ ಉಳಿಯಿತು, ಜನ ಸಂತೆಚೀಲ ಹಿಡಿದುಕೊಂಡರು. ಯಾವ ಸಾಬೂನು, ಯಾವ ಕೆಚಪ್ಪು, ಯಾವ ಚಿಪ್ಸು ಎಲ್ಲಿಯದೆಂದು ಅಂಗಡಿಯವರನ್ನು ಕೇಳತೊಡಗಿದರು. ಕೇಳಿ ಕೇಳಿ ಸಾಕಾಗಿ ಆ ದೇಶದ ಅತಿ ದೊಡ್ಡ ದಿನಸಿ ವ್ಯಾಪಾರ ಸಂಸ್ಥೆ ಸಾಲಿಂಗ್, ಮಾರ್ಚಿನಿಂದ ಬೆಲೆಚೀಟಿಯಲ್ಲಿ ಈ ನಕ್ಷತ್ರ ಮೂಡಿಸಿತು. ಅಮೆರಿಕದ ಸರಕನ್ನು ಕಪಾಟಿನಿಂದ ಇಳಿಸುವುದಿಲ್ಲ, ಆರಿಸುವುದು ಗಿರಾಕಿಗೆ ಬಿಟ್ಟದ್ದು ಎಂದು ಅದೇ ಉಸಿರಿನಲ್ಲಿ ಹೇಳಿತು. ವ್ಯಾಪಾರಿಯ ಜಾಣತನ ಎಲ್ಲ ಊರಿನಲ್ಲೂ ಒಂದೇ.

ಆದರೆ ಈ ಜಗಳ ೨೦೨೫ರದಲ್ಲ. ಕೋಲಾ ಒಂದನ್ನೇ ಹಿಡಿದು ಹಿಂದಕ್ಕೆ ಹೋದರೂ ಮುಕ್ಕಾಲು ಶತಮಾನದ ಕಥೆ ಬಿಚ್ಚಿಕೊಳ್ಳುತ್ತದೆ.

ಮೊದಲು ಒಂದು ತಮಾಷೆ. ಅಮೆರಿಕದ ಈ ಪಾನೀಯದ ಅಜ್ಜಿಮನೆ ಪ್ಯಾರಿಸ್. ೧೮೬೩ರಲ್ಲಿ ಮರಿಯಾನಿ ಎಂಬ ಕಾರ್ಸಿಕಾ ದ್ವೀಪದವನು ದ್ರಾಕ್ಷಾರಸಕ್ಕೆ ಕೋಕಾ ಎಲೆ ಸೇರಿಸಿ 'ವೆಂ ಮರಿಯಾನಿ' ಎಂದು ಪ್ಯಾರಿಸಿನಲ್ಲಿ ಮಾರಿ ಹಣ ಮಾಡಿದ. ಅಟ್ಲಾಂಟಾದ ಔಷಧಿ ವ್ಯಾಪಾರಿ ಪೆಂಬರ್ಟನ್ ಅದನ್ನು ನೋಡಿ ತನ್ನದೇ 'ಫ್ರೆಂಚ್ ವೈನ್ ಕೋಕಾ' ತಯಾರಿಸಿದ. ಅಷ್ಟರಲ್ಲಿ ಆ ಊರಿಗೆ ಪಾನನಿರೋಧ ಬಂತು. ದ್ರಾಕ್ಷಾರಸ ತೆಗೆದು ಸಕ್ಕರೆಪಾಕ ಹಾಕಿದ. ೧೮೮೬ರಲ್ಲಿ ಕೋಕಾ-ಕೋಲಾ ಹುಟ್ಟಿತು. ಹೀಗೆ ತವರಿನಿಂದ ಹೊರಟ ಹೆಣ್ಣು ಅತ್ತೆಮನೆಯ ಠೀವಿಯಲ್ಲಿ ತವರಿಗೆ ಮರಳಿದಾಗ ಆದ ರಾದ್ಧಾಂತವೇ ೧೯೫೦ರ ಫ್ರಾನ್ಸಿನದು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕ ಎಲ್ಲಿದ್ದರೂ ಐದು ಸೆಂಟಿಗೆ ಒಂದು ಬಾಟ್ಲಿ ಸಿಗಬೇಕೆಂದು ಕಂಪೆನಿಯ ಮುಖ್ಯಸ್ಥ ವುಡ್ರಫ್ ಮಾತುಕೊಟ್ಟಿದ್ದರು. ೧೯೪೩ರಲ್ಲಿ ಉತ್ತರ ಆಫ್ರಿಕದಿಂದ ಜನರಲ್ ಐಸೆನ್‌ಹೋವರ್ ಮೂವತ್ತು ಲಕ್ಷ ಬಾಟ್ಲಿಗಳಿಗೆ ತಂತಿ ಕಳುಹಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಸೈನ್ಯದ ಹಿಂದೆ ಹಿಂದೆಯೇ ೬೪ ಬಾಟ್ಲಿ ತುಂಬುವ ಕಾರ್ಖಾನೆಗಳು ಪ್ರಪಂಚ ಸುತ್ತಿದ್ದವು. ಯುದ್ಧ ನಿಂತಿತು, ಕಾರ್ಖಾನೆಗಳು ನಿಲ್ಲಲಿಲ್ಲ. ೧೯೪೯ರಲ್ಲಿ ಕಂಪೆನಿಯು ಫ್ರಾನ್ಸಿನಲ್ಲಿ ದೊಡ್ಡ ಪ್ರಮಾಣದಲ್ಲಿ ಬೇರು ಬಿಡಲು ಹೊರಟಿತು.

ಆ ಕಾಲದ ಫ್ರಾನ್ಸನ್ನು ಸ್ವಲ್ಪ ನೆನೆಯಬೇಕು. ಯುದ್ಧದಲ್ಲಿ ಸೋತು, ನಾಲ್ಕು ವರ್ಷ ಜರ್ಮನರ ಬೂಟಿನ ಕೆಳಗಿದ್ದು, ಬಿಡುಗಡೆಯಾದದ್ದು ಬಹುಪಾಲು ಅಮೆರಿಕನರ ಕೈಯಿಂದ. ಬಿಡುಗಡೆಯ ನಂತರ ಅನ್ನಕ್ಕೆ, ಕಲ್ಲಿದ್ದಲಿಗೆ, ಯಂತ್ರಕ್ಕೆ ಮಾರ್ಷಲ್ ಯೋಜನೆಯ ಡಾಲರು. ೧೯೪೮ರಿಂದ ೧೯೫೨ರವರೆಗೆ ಪಶ್ಚಿಮ ಯುರೋಪಿಗೆ ಬಂದ ಆ ನೆರವು ಸುಮಾರು ೧,೩೦೦ ಕೋಟಿ ಡಾಲರ್. ಉಪಕಾರ ಮಾಡಿದವನ ಎದುರು ತಲೆಯೆತ್ತಿ ನಿಲ್ಲುವುದು ಎಷ್ಟು ಕಷ್ಟವೆಂದು ನಂಟರ ಮನೆಯಲ್ಲಿದ್ದು ಓದಿದವರಿಗೆಲ್ಲ ಗೊತ್ತು. ನಮ್ಮಲ್ಲಿ ಅಂಥವರು ಕಡಿಮೆಯಿಲ್ಲ. ಕೊಟ್ಟ ಅನ್ನ ಉಂಡಾಯಿತು, ಈಗ ಕುಡಿಯುವುದನ್ನೂ ನೀವೇ ಹೇಳುತ್ತೀರಾ? ಫ್ರೆಂಚರ ಸಿಟ್ಟಿನ ಬುಡ ಇಲ್ಲಿತ್ತೆಂದು ನಮಗೆ ತೋರುತ್ತದೆ.

ಮೇಲೆ ಕಾಣುತ್ತಿದ್ದ ಕಾರಣಗಳು ಬೇರೆ. ದ್ರಾಕ್ಷಾರಸ ಆ ದೇಶದ ದೊಡ್ಡ ಬೇಸಾಯ. ತಲೆಗೆ ವರ್ಷಕ್ಕೆ ನೂರು ಲೀಟರಿಗೂ ಮೇಲ್ಪಟ್ಟು ಕುಡಿಯುತ್ತಿದ್ದ ಜನ ಅವರು. ದಕ್ಷಿಣದ ಲಾಂಗ್ದೋಕ್ ಪ್ರಾಂತದ ಸಾವಿರಾರು ಸಣ್ಣ ರೈತರ ಹೊಟ್ಟೆ ಬಳ್ಳಿಗೆ ಕಟ್ಟಿದ್ದಿತು. ಹಣ್ಣಿನ ರಸದವರು, ಖನಿಜ ಜಲದವರು ಅವರ ಜೊತೆ ಸೇರಿದರು. ಕಮ್ಯುನಿಸ್ಟರು ಇದನ್ನು ರಾಜಕೀಯದ ಬೀದಿಗೆ ತಂದರು. ಅವರ ಪತ್ರಿಕೆ ಲ್ಯುಮಾನಿತೆ ಕೋಕಾ-ಕೋಲಾ ಮತ್ತು ಕಾಲೊನಿ ಎರಡನ್ನೂ ಬೆಸೆದು ಹೊಸ ಶಬ್ದವೊಂದನ್ನು ಚಲಾವಣೆಗೆ ಬಿಟ್ಟಿತು, 'ಕೋಕಾವಸಾಹತು' ಎನ್ನೋಣವೇ? ಕಂಪೆನಿಯ ಏಜೆಂಟರೆಲ್ಲ ಗೂಢಚಾರರೆಂದು ಗುಲ್ಲೆದ್ದಿತು. ನೋತ್ರದಾಮ್ ದೇವಾಲಯದ ಮುಂಗೋಡೆಗೇ ಜಾಹೀರಾತು ಹಾಕುತ್ತಾರಂತೆ ಎಂಬುದೂ ಹರಡಿತು. ಗಂಭೀರ ಪತ್ರಿಕೆಯಾದ ಲ್ ಮೋಂದ್ ಕೂಡ ಹಿಂದೆ ಬೀಳಲಿಲ್ಲ. ಒಂದು ಜನಾಂಗವನ್ನು ಒಳಗಿನಿಂದ ಗೆಲ್ಲಬೇಕಾದರೆ ಭಾಷೆ, ಧರ್ಮಗಳ ಗೊಡವೆ ಬೇಡ, ಅವರ ಪಾನೀಯವನ್ನು ಹಿಡಿದರೆ ಸಾಕು ಎಂಬ ಧಾಟಿಯ ಲೇಖನ ಅದರಲ್ಲಿ ಬಂದಿತು. ಕಾಫಿ ಫಿಲ್ಟರನ್ನು ಮುಂಬಯಿವರೆಗೆ ಹೊತ್ತು ತಂದ ನಾವು ಅದನ್ನು ಪೂರಾ ತಳ್ಳಿಹಾಕಲಾರೆವು.

ಮೋಂಪೆಲಿಯೆ ನಗರದ ಮೇಯರೂ ಶಾಸನಸಭೆಯ ಸದಸ್ಯರೂ ಆಗಿದ್ದ ಪೋಲ್ ಬೂಲೆ ಮಸೂದೆ ತಂದರು. ಮೋಂಪೆಲಿಯೆ ಇರುವುದು ದ್ರಾಕ್ಷಿತೋಟಗಳ ನಡುವೆಯೇ, ಆದ್ದರಿಂದ ಬೂಲೆಯವರ ಆರೋಗ್ಯಚಿಂತೆಯ ಮೂಲವನ್ನು ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಸಸ್ಯಸಾರದಿಂದ ಮಾಡಿದ ಮದ್ಯರಹಿತ ಪಾನೀಯಗಳನ್ನು ವೈದ್ಯತಜ್ಞರ ಸಲಹೆ ಪಡೆದು ನಿಯಂತ್ರಿಸುವ ಅಧಿಕಾರ ಸರ್ಕಾರಕ್ಕೆ ಇರಲಿ ಎಂಬುದು ಮಸೂದೆಯ ಒಕ್ಕಣೆ. ಕೋಕಾ-ಕೋಲಾದ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ೧೯೫೦ರ ಫೆಬ್ರವರಿ ೨೮ರಂದು ರಾಷ್ಟ್ರೀಯ ಸಭೆ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಅಮೆರಿಕ ಕೆರಳಿತು. ರಾಯಭಾರಿ ಡೇವಿಡ್ ಬ್ರೂಸ್ ಪ್ರಧಾನಿ ಬಿದೋ ಅವರಿಗೆ ಎಚ್ಚರಿಕೆ ಮುಟ್ಟಿಸಿದರು. ಕಂಪೆನಿಯ ರಫ್ತು ವಿಭಾಗದ ಮುಖ್ಯಸ್ಥ ಜೇಮ್ಸ್ ಫಾರ್ಲಿ ಹಿಂದೆ ರೂಸ್ವೆಲ್ಟರ ಮಂತ್ರಿಮಂಡಲದಲ್ಲಿದ್ದವರು. ಫ್ರಾನ್ಸನ್ನು ಬಿಡಿಸಲು ಬಂದ ನಮ್ಮ ಹುಡುಗರ ಆರೋಗ್ಯ ಈ ಪಾನೀಯದಿಂದ ಕೆಟ್ಟಿರಲಿಲ್ಲವಲ್ಲ ಎಂಬ ಅರ್ಥದ ಮಾತಾಡಿ ಗಾಯಕ್ಕೆ ಉಪ್ಪು ಸವರಿದರು. ಫ್ರೆಂಚ್ ದ್ರಾಕ್ಷಾರಸವನ್ನು ನಾವೂ ಬಿಡೋಣವೆಂಬ ಮಾತು ಅಲ್ಲಿಂದಲೂ ಕೇಳಿಬಂತು. ಆ ಮೇ ತಿಂಗಳ ಟೈಮ್ ವಾರಪತ್ರಿಕೆಯ ಮುಖಪುಟದಲ್ಲಿ ಭೂಗೋಳವೇ ಬಾಯಿ ತೆರೆದು ಬಾಟ್ಲಿಯಿಂದ ಕುಡಿಯುತ್ತಿತ್ತು.

ಡಾಲರಿನ ಋಣದಲ್ಲಿದ್ದ ಸರ್ಕಾರ ಸಿಕ್ಕಿದ ಅಧಿಕಾರವನ್ನು ಬಳಸಲೇ ಇಲ್ಲ. ಕಾನೂನು ಕಾಗದದಲ್ಲಿ ಮಲಗಿತು, ಬಾಟ್ಲಿ ಮಾರುಕಟ್ಟೆಗೆ ಬಂತು. ಆದರೂ ೧೯೫೩ರಲ್ಲಿ ಜನಮತ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಫ್ರೆಂಚರು ಈ ಪಾನೀಯ ತಮಗೆ ಏನೇನೂ ಇಷ್ಟವಿಲ್ಲವೆಂದರು. ಸಭೆಯ ಮತಕ್ಕಿಂತ ನಾಲಿಗೆಯ ಮತವೇ ಕೆಲವು ಕಾಲ ಆ ದೇಶವನ್ನು ಕಾಯಿತು. ನಾಲಿಗೆಯಾದರೋ ಮಕ್ಕಳ ಕಾಲಕ್ಕೆ ಬದಲಾಗುವಂಥದು.

ಜರ್ಮನಿಯ ಕಥೆಯನ್ನು ಬಿಟ್ಟುಬಿಡಬಹುದಿತ್ತು, ಬಿಡಲು ಮನಸ್ಸು ಒಪ್ಪುವುದಿಲ್ಲ. ಕಲೋನ್ ನಗರದಲ್ಲಿ ೧೯೩೧ರಿಂದ ಆಫ್ರಿ-ಕೋಲಾ ಎಂಬ ಸ್ವದೇಶಿ ಕೋಲಾ ಇತ್ತು. ಅದರ ಒಡೆಯ ಕಾರ್ಲ್ ಫ್ಲಾಖ್ ೧೯೩೬ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಕಾರ್ಖಾನೆಯಿಂದ ಕೆಲವು ಬಾಟ್ಲಿ ಮುಚ್ಚಳಗಳನ್ನು ಎತ್ತಿ ತಂದ. ಯೆಹೂದ್ಯರ ಆಹಾರನಿಯಮಕ್ಕೆ ಹೊಂದುತ್ತದೆಂಬ ಹೀಬ್ರೂ ಮುದ್ರೆ ಅವುಗಳ ಮೇಲಿತ್ತು. ನೋಡಿರಿ, ಇದು ಯೆಹೂದ್ಯರ ಪಾನೀಯ ಎಂದು ಊರೆಲ್ಲ ಸಾರಿಸಿದ. ಹಿಟ್ಲರನ ಜರ್ಮನಿಯಲ್ಲಿ ಆ ಮಾತಿಗೆ ಏನು ಬೆಲೆಯಿತ್ತೆಂದು ಹೇಳಬೇಕಾಗಿಲ್ಲ. ನಮ್ಮದನ್ನೇ ಕೊಳ್ಳಿ ಎಂಬ ಕರೆಯೊಳಗೆ ಇನ್ನಾರನ್ನೋ ಹೊರಗಿಡುವ ಹುನ್ನಾರ ಅಡಗಿರಬಹುದು. ನಾವು, ಬೇರೆ ಭಾಷೆಯವರ ಊರಿನಲ್ಲಿ ಅಂಗಡಿ ಇಟ್ಟವರು, ಇದನ್ನು ಮರೆಯಬಾರದು.

ಅದೇ ಜರ್ಮನಿಯಲ್ಲಿ ಯುದ್ಧದಿಂದಾಗಿ ಅಮೆರಿಕದ ಪಾಕ ಬರುವುದು ನಿಂತಿತು. ಕೋಕಾ-ಕೋಲಾದ ಜರ್ಮನ್ ಶಾಖೆಯ ಮುಖ್ಯಸ್ಥ ಮ್ಯಾಕ್ಸ್ ಕೈಟ್ ಗಿಣ್ಣು ಮಾಡಿದ ಮೇಲೆ ಉಳಿಯುವ ನೀರು, ಸೇಬು ಹಿಂಡಿದ ಸಿಪ್ಪೆ, ಹೀಗೆ ಕೈಗೆ ಸಿಕ್ಕಿದ್ದನ್ನು ಸೇರಿಸಿ ಹೊಸ ಪಾನೀಯ ಕುದುರಿಸಿದ. ಅದೇ ಫ್ಯಾಂಟಾ. ಹುಟ್ಟಿದ್ದು ಜರ್ಮನಿಯಲ್ಲಿ, ಜರ್ಮನರ ಕೈಯಿಂದ, ಜರ್ಮನಿಯ ಕಚ್ಚಾ ಮಾಲಿನಿಂದ, ಒಡೆತನ ಅಮೆರಿಕದ್ದು. ಇದಕ್ಕೆ ನಕ್ಷತ್ರ ಹಾಕಬೇಕೋ ಬೇಡವೋ, ಓದುಗರೇ ಹೇಳಲಿ.

ಡೇನರು ಫ್ರೆಂಚರಷ್ಟು ಕೂಗಾಡಿದವರಲ್ಲ. ೧೯೫೯ರಲ್ಲಿ ಅಮೆರಿಕದ ಕೋಲಾಗಳು ತಮ್ಮ ಮಾರುಕಟ್ಟೆಗೆ ಇಳಿಯುತ್ತಿದ್ದಂತೆ ಅಲ್ಲಿನ ಹಲವು ಬಿಯರ್ ತಯಾರಕರು ಒಟ್ಟಾಗಿ ಜಾಲಿ ಕೋಲಾ ಎಂಬ ತಮ್ಮದೇ ಬಾಟ್ಲಿ ಹೊರಡಿಸಿದರು. ಒಂದು ತಲೆಮಾರಿನ ಮಕ್ಕಳು ಅದನ್ನೇ ಕುಡಿದು ಬೆಳೆದರು. ಆಮೇಲೆ ಅದು ಮೂಲೆಗೆ ಸರಿಯಿತು. ೨೦೨೫ರಲ್ಲಿ ಅಜ್ಜ ಅಜ್ಜಿಯರು ನೆನಪು ಮಾಡಿಕೊಂಡು ಮತ್ತೆ ಅದನ್ನು ಕೇಳಿ ತರಿಸಿದರು. ಸ್ಕಾಟ್ಲೆಂಡಿನವರು ಇನ್ನೂ ಸುಖಿಗಳು. ೧೯೦೧ರಿಂದ ಬಂದ ಅವರ ಕಿತ್ತಳೆ ಬಣ್ಣದ ಇರ್ನ್-ಬ್ರೂ ಬಹಳ ಕಾಲ ಅಲ್ಲಿ ಕೋಕಾ-ಕೋಲಾವನ್ನು ಹಿಂದೆ ಹಾಕಿತ್ತು. ಬಹಿಷ್ಕಾರ, ಭಾಷಣ ಯಾವುದೂ ಬೇಕಾಗಲಿಲ್ಲ.

ಫ್ರಾನ್ಸಿಗೆ ಇನ್ನೊಮ್ಮೆ ಹೋಗೋಣ. ಅವರಿಗೆ ಒರಾಂಜೀನ ಎಂಬ ಕಿತ್ತಳೆ ಪಾನೀಯದ ಮೇಲೆ ಬಲು ಮೋಹ. ಅದು ಬೆಳೆದದ್ದು ಫ್ರೆಂಚರ ವಸಾಹತಾಗಿದ್ದ ಆಲ್ಜೀರಿಯದಲ್ಲಿ. ಆಲ್ಜೀರಿಯ ಸ್ವತಂತ್ರವಾದಾಗ ಕಂಪೆನಿ ಮಾರ್ಸೆಲ್ಸಿಗೆ ಬಂತು. ೧೯೯೭ರ ಕೊನೆಗೆ ಕೋಕಾ-ಕೋಲಾ ಅದನ್ನು ಕೊಳ್ಳಲು ಹೊರಟಿತು. ೧೯೯೮ರಲ್ಲಿ ಸರ್ಕಾರ ಬೇಡವೆಂದಿತು, ೧೯೯೯ರಲ್ಲಿ ಮತ್ತೊಮ್ಮೆ ಬೇಡವೆಂದಿತು. ಐವತ್ತು ವರ್ಷಗಳ ಹಿಂದೆ ಕಾಗದದಲ್ಲಿ ಉಳಿದ ಛಲ ಈ ಸಲ ಗೆದ್ದಿತು ಎನ್ನಬೇಕು. ಆದರೆ ೨೦೦೧ರಲ್ಲಿ ಅದನ್ನು ಒಂದು ಬ್ರಿಟಿಷ್ ಕಂಪೆನಿ ಕೊಂಡಿತು. ೨೦೦೯ರಲ್ಲಿ ಅದು ಜಪಾನಿನ ಸಂತೋರಿಯ ಪಾಲಾಯಿತು. ಅಟ್ಲಾಂಟಾಕ್ಕೆ ಹೋಗದಂತೆ ತಡೆದ ಬಾಟ್ಲಿ ಒಸಾಕಾಕ್ಕೆ ಹೋಗಿ ಕುಳಿತಿತು.

ಫ್ರಾನ್ಸ್ ೧೯೫೦ರಲ್ಲಿ ಕಾನೂನು ಮಾಡಿಯೂ ಬಳಸದೆ ಬಿಟ್ಟರೆ, ಕಾನೂನನ್ನು ಬಳಸಿಯೇ ತೋರಿಸಿದ ದೇಶ ನಮ್ಮದು. ಬಳಸಿದವರು ನಮ್ಮ ಮಂಗಳೂರಿನವರು. ೧೯೩೦ರಲ್ಲಿ ಅಲ್ಲಿ ಹುಟ್ಟಿ, ಬೆಂಗಳೂರಿನ ಸೆಮಿನರಿಯನ್ನು ತೊರೆದು, ಬರಿಗೈಯಲ್ಲಿ ಮುಂಬಯಿಗೆ ಬಂದು, ಟ್ಯಾಕ್ಸಿ ಚಾಲಕರನ್ನೂ ನಗರಸಭೆಯ ಕಾರ್ಮಿಕರನ್ನೂ ಸಂಘಟಿಸಿ, ೧೯೬೭ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರಂಥ ಘಟಾನುಘಟಿಯನ್ನು ಮಣ್ಣುಮುಕ್ಕಿಸಿದ ಜಾರ್ಜ್ ಫರ್ನಾಂಡಿಸ್. ೧೯೭೭ರಲ್ಲಿ ಅವರು ಜನತಾ ಸರ್ಕಾರದ ಕೈಗಾರಿಕಾ ಮಂತ್ರಿ. ೧೯೭೩ರ ವಿದೇಶೀ ವಿನಿಮಯ ಕಾಯಿದೆಯ ಪ್ರಕಾರ ವಿದೇಶೀ ಒಡೆತನ ನೂರಕ್ಕೆ ೪೦ಕ್ಕೆ ಇಳಿಯಬೇಕಿತ್ತು. ತನ್ನ ಪಾಕದ ಗುಟ್ಟು ಪರರ ಕೈಗೆ ಹೋಗುವುದೆಂದು ಕೋಕಾ-ಕೋಲಾ ಒಪ್ಪದೆ ಗಂಟುಮೂಟೆ ಕಟ್ಟಿತು.

ಬೇಡವೆಂದದ್ದಾಯಿತು, ಬದಲಿಗೆ ಏನು? ಹೊಣೆ ಬಿದ್ದದ್ದು ಮೈಸೂರಿನ ಮೇಲೆ. ಚೆಲುವಾಂಬ ಮಹಲಿನಲ್ಲಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೊಸ ಕೋಲಾದ ಸೂತ್ರ ಹೊಂದಿಸಿದರು. ಬ್ರೆಡ್ಡು ಮಾಡುತ್ತಿದ್ದ ಸರ್ಕಾರಿ ಮಾಡರ್ನ್ ಬೇಕರೀಸ್ ಅದನ್ನು ತಯಾರಿಸಿತು. ಸರ್ಕಾರ ಬದಲಾದ ವರ್ಷದ ನೆನಪಿಗೆ 'ಡಬಲ್ ಸೆವೆನ್' ಎಂದು ಹೆಸರಿಟ್ಟರು. ನಾವು ಕುಡಿದಿದ್ದೇವೆ. ಮೈಸೂರಿನ ಅಭಿಮಾನದಿಂದ ಎರಡನೆಯ ಬಾಟ್ಲಿಯನ್ನೂ ಕುಡಿದೆವು. ಮೂರನೆಯದಕ್ಕೆ ಅಭಿಮಾನ ಸಾಲಲಿಲ್ಲ. ೧೯೮೦ರಲ್ಲಿ ಜನತಾ ಪಕ್ಷ ಸೋತ ಮೇಲೆ ಅದನ್ನು ಕೇಳುವವರೇ ಇಲ್ಲವಾದರು. ಖಾಲಿಯಾದ ಜಾಗವನ್ನು ತುಂಬಿದ್ದು ಇಲ್ಲಿನ ಪಾರ್ಲೆಯ ಥಮ್ಸ್ ಅಪ್, ದಿಲ್ಲಿಯ ಕ್ಯಾಂಪಾ ಕೋಲಾ. ೧೯೯೩ರಲ್ಲಿ ಕೋಕಾ-ಕೋಲಾ ಮರಳಿ ಬಂದು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲವನ್ನೂ ಪಾರ್ಲೆಯಿಂದ ಕೊಂಡುಕೊಂಡಿತು. ನಮ್ಮ ಮದುವೆ ಮುಂಜಿಗಳಲ್ಲಿ ಹುಡುಗರು ಮುಚ್ಚಳ ಆರಿಸುತ್ತಿದ್ದ ಗೋಲ್ಡ್ ಸ್ಪಾಟ್ ಮಾಯವಾಯಿತು. ಥಮ್ಸ್ ಅಪ್ ಅನ್ನೂ ಮೂಲೆಗೆ ತಳ್ಳಲು ನೋಡಿದರು, ಜನ ಬಿಡಲಿಲ್ಲ. ೨೦೨೧ರಲ್ಲಿ ಅದರ ವರ್ಷದ ಮಾರಾಟ ನೂರು ಕೋಟಿ ಡಾಲರ್ ಮುಟ್ಟಿತು. ಹುಟ್ಟು ಮುಂಬಯಿ, ರುಚಿ ನಮ್ಮದು, ಕುಡಿಯುವವರು ನಾವು, ಲಾಭ ಅಟ್ಲಾಂಟಾಕ್ಕೆ.

ಈಗ ಕೋಪನ್‌ಹೇಗನ್ನಿನ ಆ ಚೀಟಿಯನ್ನು ಮತ್ತೊಮ್ಮೆ ನೋಡಿದರೆ ನಕ್ಷತ್ರ ಮೊದಲಿನಷ್ಟು ಸ್ಪಷ್ಟವಾಗಿ ಹೊಳೆಯುವುದಿಲ್ಲ. ಅದು ಹೇಳುವುದು ಒಡೆತನವನ್ನು, ತಯಾರಾದ ಸ್ಥಳವನ್ನಲ್ಲ. ಡೆನ್ಮಾರ್ಕಿನಲ್ಲಿ ಕೋಕಾ-ಕೋಲಾವನ್ನು ಬಾಟ್ಲಿಗೆ ತುಂಬುವುದು ಡೇನರದೇ ಹೆಮ್ಮೆಯ ಕಾರ್ಲ್ಸ್‌ಬರ್ಗ್. ೨೦೨೫ರ ವಸಂತದಲ್ಲಿ ಕೋಕಾ-ಕೋಲಾದ ಮಾರಾಟ ಅಲ್ಲಿ ಸ್ವಲ್ಪ ಇಳಿದಿದೆ, ಸ್ಥಳೀಯ ಪಾನೀಯಗಳು ಏರುತ್ತಿವೆ ಎಂದು ಜಗತ್ತಿಗೆ ತಿಳಿಸಿದವರು ಆ ಕಾರ್ಲ್ಸ್‌ಬರ್ಗಿನ ಮುಖ್ಯಸ್ಥರೇ. ಬೇಡವೆಂದು ಕೆಳಗಿಟ್ಟ ಬಾಟ್ಲಿಯ ಹಿಂದೆ ಡ್ಯಾನಿಶ್ ಕೂಲಿಯವನೂ ಲಾರಿಯವನೂ ಇದ್ದಾರೆ. ಹಾಗೆಂದು ಡೇನರು ಮಾಡಿದ್ದು ವ್ಯರ್ಥವೆನ್ನಲು ನಾವು ಸಿದ್ಧರಿಲ್ಲ. ತಮ್ಮ ಮಾತನ್ನು ಯಾರೂ ಕೇಳದಿದ್ದಾಗ ಮನೆಯ ಯಜಮಾನಿ ಅಡಿಗೆಮನೆಯಿಂದಲೇ ಉತ್ತರ ಕೊಡುವುದುಂಟು. ಆ ಉತ್ತರ ಕೊಡಲು ಅವರ ಕಪಾಟಿನಲ್ಲಿ ಜಾಲಿ ಕೋಲಾ ಇತ್ತು, ಅಷ್ಟೇ. ಅರುವತ್ತಾರು ವರ್ಷಗಳ ಹಿಂದೆ ಯಾರೋ ಬಿಯರ್ ತಯಾರಕರು ಲಾಭದಾಸೆಗೆ ಮಾಡಿಟ್ಟದ್ದು ಮೊಮ್ಮಕ್ಕಳ ಮಾನಕ್ಕೆ ಒದಗಿತು. ಮೂರು ಬಾಟ್ಲಿ ಡಬಲ್ ಸೆವೆನ್ ಕುಡಿಯಲಾಗದ ನಾವು ಆ ವಿಷಯದಲ್ಲಿ ಬಾಯಿ ಬಿಡದಿರುವುದೇ ಲೇಸು.

ಇಷ್ಟನ್ನೂ ಮುಂದಿನ ಸಭೆಯಲ್ಲಿ ಓದಿ ಹೇಳಿದೆವು. ಹಾಗಾದರೆ ಗೋಲಿಸೋಡಾ ಇರಲಿ, ಅದು ಅಪ್ಪಟ ನಮ್ಮದು ಎಂದರು ಹಿರಿಯರೊಬ್ಬರು. ಆ ಗೋಲಿಯ ಬಾಟ್ಲಿಗೆ ೧೮೭೨ರಲ್ಲಿ ಪೇಟೆಂಟು ಪಡೆದವನು ಹೈರಮ್ ಕಾಡ್ ಎಂಬ ಇಂಗ್ಲಿಷರವನು ಎಂದೆವು. ಅವರು ನಮ್ಮ ಕಡೆ ನೋಡಿದ ನೋಟದಲ್ಲಿ ಇನ್ನು ನಿಮಗೆ ಬರೆಯಲು ಹೇಳುವುದಿಲ್ಲ ಎಂಬುದು ಬರೆದಿತ್ತು. ತರುಣ ಸದಸ್ಯರು ಮಾತ್ರ ಸೂಚನೆಯನ್ನು ಹಿಂತೆಗೆಯಲಿಲ್ಲ. "ಯಾರದ್ದು ಬೇಡ ಅನ್ನುವುದು ಬಿಡಿ ಸರ್, ಯಾರದ್ದು ಬೇಕು ಅಂತ ಬರೆದುಕೊಳ್ಳಿ" ಎಂದರು. ನಿರ್ಣಯವನ್ನು ಹಾಗೆಯೇ ತಿದ್ದಿದೆವು.

ನವೆಂಬರಿನ ಆ ಭಾನುವಾರ ಪುತ್ತೂರಿನ ಜೀರಾ ಸೋಡಾದ ಹದಿನೆಂಟು ಪೆಟ್ಟಿಗೆಗಳು ಮಂಗಳೂರಿನ ರಾತ್ರಿ ಬಸ್ಸಿನ ಬೆನ್ನಿನಲ್ಲಿ ಬಂದಿಳಿದವು. ಶೆಟ್ಟರು ತಮ್ಮ ಹೋಟೆಲಿನಿಂದ ಎರಡು ಸ್ಟೀಲು ಡ್ರಮ್ಮಿನಲ್ಲಿ ಮಜ್ಜಿಗೆ ತಂದು, ಬರ್ಫದ ಕಟ್ಟೆ ಒಡೆದು ಹಾಕಿಸಿದರು. ಫ್ರಿಜ್ಜಿನ ಮಾತೇ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜೀರಾ ಮುಗಿಯಿತು. ಮಜ್ಜಿಗೆ ಒಂದು ಡ್ರಮ್ಮು ಉಳಿದದ್ದನ್ನು ನಾಟಕದವರು ಬಣ್ಣ ತೊಳೆದುಕೊಂಡು ಬಂದು ಕುಡಿದರು.